ಚಿಮಿಣಿಯಿಂದ ಸೆನ್ಸರ್‌ವರೆಗೆ: ನಮ್ಮ ಮನೆಯ ಬಾತ್‌ರೂಮ್ ಲೈಟಿನ ಚರಿತ್ರೆ

ಉಪ್ಪ ರಾತ್ರಿ ಅಂಗಡಿ ಮುಚ್ಚಿ ಮನೆಗೆ ಬಂದರೆ ಮೊದಲು ಮಾಡುವ ಕೆಲಸ ಒಂದೇ. ಚಪ್ಪಲಿ ಬಿಟ್ಟು, ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲಿಟ್ಟು, ನೇರ ಒಳಗೆ ಹೋಗಿ ಮೂರು ಬಾತ್‌ರೂಮ್‌ಗಳ ಬಾಗಿಲಿನ ಅಡಿ ನೋಡುವುದು. ಸಂದಿನಲ್ಲಿ ಬೆಳಕಿನ ಗೆರೆ ಕಂಡರೆ ಒಂದು ಸಲ ಬಾಗಿಲು ತಟ್ಟುವುದು. ಒಳಗಿನಿಂದ ಉತ್ತರ ಬರದಿದ್ದರೆ ಲೈಟು ಆರಿಸಿ, ಇಡೀ ಮನೆಗೆ ಕೇಳುವ ಹಾಗೆ "ಇವತ್ತು ಇಲ್ಲಿ ಯಾರ ಮದುವೆ?" ಎಂದು ಕೇಳುವುದು.

ಆಮೇಲೆ ವಿಚಾರಣೆ. ಉಮ್ಮ ಮಕ್ಕಳ ಕಡೆ ನೋಡುತ್ತಾರೆ. ಮಕ್ಕಳು ಒಬ್ಬರ ಮೇಲೆ ಒಬ್ಬರು ಹಾಕುತ್ತಾರೆ. ನನ್ನ ಹೆಂಡತಿ ಏನೂ ಹೇಳುವುದಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತದೆ, ಈ ಮಾತು ತನಗೇ ಹೇಳಿದ್ದು ಎಂದು ಆಕೆ ಎಣಿಸಿಕೊಂಡಿದ್ದಾಳೆ. ಕುಂಬಳೆ ಪೇಟೆಯಲ್ಲಿ ಜೀನಸು ಅಂಗಡಿ ನಡೆಸುವ ಮನುಷ್ಯ ನನ್ನ ಉಪ್ಪ. ನಾಲ್ಕಾಣೆ, ಎಂಟಾಣೆ ಲಾಭ ಕೂಡಿಸಿ ಮನೆ ಕಟ್ಟಿದವರು. ಖಾಲಿ ಕೋಣೆಯಲ್ಲಿ ಉರಿಯುವ ಲೈಟು ಅವರಿಗೆ ತೂತು ಬಿದ್ದ ಅಕ್ಕಿ ಗೋಣಿ ಇದ್ದ ಹಾಗೆ.

ಈ ಬೈಗುಳವನ್ನು ನಾನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಶಾರ್ಜಾದಲ್ಲಿ ಕೆಲವು ವರ್ಷ ಕಟ್ಟಡಗಳ ಮೆಂಟೆನೆನ್ಸ್ ಕೆಲಸ ಮಾಡಿ ಊರಿಗೆ ಬಂದ ಮೇಲೆ, ಇದಕ್ಕೊಂದು ಪರಿಹಾರ ಮಾಡಿಯೇ ಬಿಡುತ್ತೇನೆ ಎಂದು ಸ್ವಿಚ್‌ಗಳನ್ನು ಬದಲಾಯಿಸಲು ಹೊರಟೆ. ಬದಲಾಯಿಸುವಾಗ ಒಂದು ತಪ್ಪು ಮಾಡಿದೆ. ಅದರ ಬೆಲೆ ಕೊಟ್ಟದ್ದು ನಾನಲ್ಲ, ಉಪ್ಪ. ಆ ತಪ್ಪು ಅರ್ಥವಾಗಬೇಕಾದರೆ ಬಾತ್‌ರೂಮಿನ ಲೈಟು ನಮ್ಮ ಮನೆಗಳಿಗೆ ಬಂದ ದಾರಿಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಸ್ವಿಚ್ ಎಂಬ ವಸ್ತುವನ್ನು ಯಾಕೆ ಕಂಡುಹಿಡಿದರು ಎಂಬುದು ನನಗೆ ಮೊದಲೇ ಗೊತ್ತಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲ.

ದೀಪ ಜೊತೆಗೇ ಬರುತ್ತಿದ್ದ ಕಾಲ

ಅಜ್ಜನ ಕಾಲದ ನಮ್ಮ ಮನೆ ಹಂಚಿನದು. ಬಚ್ಚಲು ಮನೆಯ ಹಿಂದೆ, ಬಾವಿಯ ಹತ್ತಿರ. ಒಲೆಯ ಮೇಲೆ ಹಂಡೆ, ಪಕ್ಕದಲ್ಲಿ ಒಣಗಿದ ತೆಂಗಿನ ಮಡಲು. ಕಕ್ಕೂಸು ಇನ್ನೂ ದೂರ, ಕಂಪೌಂಡಿನ ಮೂಲೆಯಲ್ಲಿ. ಬಚ್ಚಲಿನ ಮಾಡಿನಲ್ಲಿ ಒಂದು ಗಾಜಿನ ಹಂಚು ಇತ್ತು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಅಲ್ಲಿಗೆ ಬೇರೆ ಬೆಳಕು ಬೇಡ. ನಮ್ಮ ಕರಾವಳಿಯ ಮಂಗಳೂರು ಹಂಚಿನ ಕಥೆ ನಿಮಗೆ ಗೊತ್ತಿರಬಹುದು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಹಂಚಿನ ಅಳತೆಗೆ ಸರಿಯಾಗಿ ಗಾಜಿನ ಹಂಚೂ ಸಿಗುತ್ತಿದ್ದದ್ದರಿಂದ, ಕತ್ತಲೆಯಿರುವ ಕೋಣೆಯಲ್ಲಿ ಒಂದು ಮಣ್ಣಿನ ಹಂಚು ತೆಗೆದು ಗಾಜಿನದ್ದನ್ನು ಕೂರಿಸಿದರೆ ಹಗಲಿನ ದೀಪದ ಕೆಲಸ ಮುಗಿಯಿತು. ಅದಕ್ಕೆ ಸ್ವಿಚ್ ಇಲ್ಲ, ಬಿಲ್ಲೂ ಇಲ್ಲ.

ರಾತ್ರಿಗೆ ಚಿಮಿಣಿ. ಅಂಗಡಿಯಲ್ಲಿ ಬತ್ತಿ, ಲಾಟೀನಿನ ಗಾಜು ಎರಡೂ ಮಾರಾಟಕ್ಕಿತ್ತು, ಸೀಮೆಎಣ್ಣೆ ರೇಷನ್ ಅಂಗಡಿಯಿಂದ. ಅಜ್ಜಿ ರಾತ್ರಿ ಹೊರಗೆ ಹೋಗಬೇಕಾದರೆ ಚಿಮಿಣಿಯನ್ನು ಒಂದು ಕೈಯಲ್ಲಿ ಹಿಡಿದು, ಗಾಳಿಗೆ ಆರದ ಹಾಗೆ ಇನ್ನೊಂದು ಕೈಯನ್ನು ಅಡ್ಡ ಇಟ್ಟುಕೊಂಡು ಅಂಗಳ ದಾಟುತ್ತಿದ್ದರಂತೆ. ವಾಪಸ್ ಬರುವಾಗ ಚಿಮಿಣಿಯೂ ಜೊತೆಗೇ ಬರುತ್ತಿತ್ತು. ಅದನ್ನು ಅಲ್ಲೇ ಬಿಟ್ಟರೆ ಅಂಗಳದಲ್ಲಿ ದಾರಿ ಕಾಣುವುದಿಲ್ಲ. ಹಾಗಾಗಿ ಬಚ್ಚಲಿನಲ್ಲಿ ದೀಪ ಉರಿಯುತ್ತಾ ಬಿಟ್ಟುಬಂದರು ಎಂಬ ಆರೋಪ ನಮ್ಮ ಅಜ್ಜಿಯ ಮೇಲೆ ಯಾವತ್ತೂ ಬಂದಿರಲಿಕ್ಕಿಲ್ಲ. ಅಂದಿನವರು ನಮಗಿಂತ ಜಾಗ್ರತೆಯವರು ಎಂದು ಉಪ್ಪ ಹೇಳುತ್ತಾರೆ. ಇರಬಹುದು. ಆದರೆ ಅವರ ದೀಪಕ್ಕೆ ಮನುಷ್ಯನನ್ನು ಬಿಟ್ಟಿರಲು ಸಾಧ್ಯವೇ ಇರಲಿಲ್ಲ ಎಂಬುದೂ ನಿಜ.

ಮಲಗುವ ಮೊದಲು ದೀಪ ಆರಿಸುವುದು ಮಾತ್ರ ಕಟ್ಟುನಿಟ್ಟು. ರಾತ್ರಿ ದೀಪ ಆರಿಸಿ ಮಲಗಿ, ಇಲ್ಲದಿದ್ದರೆ ಇಲಿ ಬತ್ತಿಯನ್ನು ಎಳೆದು ಮನೆಗೆ ಬೆಂಕಿ ಹಚ್ಚೀತು ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಮದ್ರಸದಲ್ಲಿ ನಾವೆಲ್ಲ ಕೇಳಿದ್ದೇ. ಗಮನಿಸಿ, ಅಲ್ಲಿ ಹೇಳಿದ ಕಾರಣ ಎಣ್ಣೆಯ ಖರ್ಚಲ್ಲ, ಮನೆಯವರ ಜೀವ. ಇಸ್ರಾಫ್ ಬೇಡ ಎಂಬ ಮಾತು ಬೇರೆಯೇ ಇದೆ, ಅದೂ ಸರಿ. ನಾನು ಮಾತ್ರ ಎರಡನೆಯದನ್ನು ನೆನಪಿಟ್ಟುಕೊಂಡು ಮೊದಲನೆಯದನ್ನು ಮರೆತವನು.

ಸ್ವಿಚ್ ಹುಟ್ಟಿದ ಊರು

ವಿದ್ಯುತ್ ಬಲ್ಬನ್ನು ಯಾರು ಕಂಡುಹಿಡಿದರು ಎಂದರೆ ಶಾಲೆಯ ಮಕ್ಕಳೂ ಎಡಿಸನ್ ಎನ್ನುತ್ತಾರೆ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಎಂಬವರೂ ಬಲ್ಬು ಮಾಡಿದ್ದರು. ಸ್ವಾನ್ ಅವರ ಊರು ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್ ಕಡೆ. ಆ ಭಾಗದಲ್ಲೇ ಕ್ರ್ಯಾಗ್‌ಸೈಡ್ ಎಂಬ ದೊಡ್ಡ ಮನೆ ಇದೆ, ವಿಲಿಯಂ ಆರ್ಮ್‌ಸ್ಟ್ರಾಂಗ್ ಎಂಬ ಎಂಜಿನಿಯರ್ ಕಟ್ಟಿಸಿದ್ದು. ಅಲ್ಲಿಯ ನೀರಿನಿಂದಲೇ ಕರೆಂಟು ತಯಾರಿಸಿ 1880ರಲ್ಲಿ ಸ್ವಾನ್ ಬಲ್ಬುಗಳನ್ನು ಹಾಕಿಸಿದರು.

ಆ ಮನೆಯ ಲೈಬ್ರರಿಯಲ್ಲಿ ಹೂದಾನಿಯ ಆಕಾರದ ದೀಪಗಳಿದ್ದವು. ಅವುಗಳಿಗೆ ಗೋಡೆಯಲ್ಲಿ ಸ್ವಿಚ್ ಇರಲಿಲ್ಲ. ದೀಪದ ತಳದಿಂದ ಬರುವ ತಂತಿ ಪಾದರಸ ತುಂಬಿದ ಪುಟ್ಟ ಬಟ್ಟಲಿನಲ್ಲಿ ಮುಳುಗಿದಾಗ ಸರ್ಕ್ಯೂಟ್ ಪೂರ್ತಿಯಾಗಿ ದೀಪ ಹತ್ತುತ್ತಿತ್ತು. ಆರಿಸಬೇಕಾದರೆ ದೀಪವನ್ನು ಅದರ ಜಾಗದಿಂದ ಎತ್ತಬೇಕು. ನಮ್ಮ ಅಜ್ಜಿಯ ಚಿಮಿಣಿಯ ಹಾಗೆ ಅಲ್ಲಿಯೂ ಆರಿಸುವವರು ದೀಪದ ಹತ್ತಿರವೇ ಹೋಗಬೇಕಿತ್ತು. ಅಮೆರಿಕದ ಹೋಟೆಲುಗಳಲ್ಲಿ ಆ ಕಾಲಕ್ಕೆ ಒಂದು ಬೋರ್ಡು ಹಾಕುತ್ತಿದ್ದರು: ಈ ದೀಪವನ್ನು ಬೆಂಕಿಕಡ್ಡಿಯಿಂದ ಹಚ್ಚಲು ಹೋಗಬೇಡಿ, ಬಾಗಿಲ ಪಕ್ಕದ ಗೋಡೆಯಲ್ಲಿರುವ ಕೀಲಿಯನ್ನು ತಿರುಗಿಸಿ ಎಂಬ ಅರ್ಥದ್ದು. ದೀಪ ಒಂದು ಕಡೆ, ಅದನ್ನು ಹಚ್ಚುವ ಜಾಗ ಇನ್ನೊಂದು ಕಡೆ ಎಂಬುದು ಜನರಿಗೆ ಅಷ್ಟು ಹೊಸದು.

ಆ ಕೀಲಿಗಳಲ್ಲಿ ಒಂದು ಅಪಾಯವಿತ್ತು. ಕರೆಂಟು ಹರಿಯುತ್ತಿರುವ ಎರಡು ಲೋಹದ ತುಂಡುಗಳನ್ನು ನಿಧಾನವಾಗಿ ದೂರ ಮಾಡಿದರೆ ನಡುವೆ ಕಿಡಿ ಹಾರುತ್ತದೆ. ಗಾಳಿಯೇ ಕಾದು ಕರೆಂಟಿಗೆ ದಾರಿಯಾಗುತ್ತದೆ. ವೆಲ್ಡಿಂಗ್ ಶಾಪಿನಲ್ಲಿ ನೋಡುತ್ತೀರಲ್ಲ, ಅದೇ ಆರ್ಕ್, ಚಿಕ್ಕ ಪ್ರಮಾಣದಲ್ಲಿ. ಈಗ ನಮ್ಮ ಮನೆಗೆ ಬರುವುದು ಎಸಿ ಕರೆಂಟು, ಅದು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ಬೇಗ ಸಾಯುತ್ತದೆ. ಎಡಿಸನ್ ಕಂಪನಿ ಕೊಡುತ್ತಿದ್ದದ್ದು ಡಿಸಿ. ಅದರಲ್ಲಿ ಕಿಡಿ ಹಿಡಿದುಕೊಂಡೇ ಇರುತ್ತದೆ, ಸ್ವಿಚ್ ಸುಡುತ್ತದೆ, ಮರದ ಗೋಡೆಯಾದರೆ ಮನೆಗೂ ಬೆಂಕಿ.

ಇದಕ್ಕೆ ದಾರಿ ಕಂಡವರು ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್. 1884ರಲ್ಲಿ ಅವರು ಮಾಡಿದ ಸ್ವಿಚ್ಚಿನಲ್ಲಿ ಸ್ಪ್ರಿಂಗ್ ಇತ್ತು. ಕೈ ಎಷ್ಟೇ ನಿಧಾನವಾಗಿ ಒತ್ತಿದರೂ ಒಳಗಿನ ತುಂಡುಗಳು ಒಮ್ಮೆಲೇ ಸಿಡಿದು ದೂರವಾಗುತ್ತವೆ. ಕಿಡಿ ಬೆಳೆಯಲು ಸಮಯವೇ ಸಿಗುವುದಿಲ್ಲ. ನಾವು ದಿನಕ್ಕೆ ಹತ್ತಾರು ಸಲ ಕೇಳುವ 'ಟಕ್' ಶಬ್ದ ಆ ಸ್ಪ್ರಿಂಗಿನದ್ದು. 140 ವರ್ಷ ಕಳೆದರೂ ಅದೇ ತತ್ವ ನಡೆಯುತ್ತಿದೆ. ಮೆಕ್ಯಾನಿಕಲ್ ಓದಿದವನಾಗಿ ನನಗೆ ಇದರಲ್ಲಿ ಒಂದು ಹೆಮ್ಮೆ. ಇಡೀ ಮನೆಯ ಕರೆಂಟನ್ನು ಹಿಡಿತದಲ್ಲಿಡುವುದು ಕೊನೆಗೂ ಒಂದು ಸ್ಪ್ರಿಂಗ್. ಆದರೆ ಈ ಚರಿತ್ರೆಯಲ್ಲಿ ಮುಖ್ಯ ವಿಷಯ ಬೇರೆ. ಗೋಡೆಯ ಸ್ವಿಚ್ಚನ್ನು ಸುಧಾರಿಸಿದ್ದು ಕರೆಂಟು ಉಳಿಸಲು ಅಲ್ಲ, ಮನೆಯೊಳಗಿನ ಜನರಿಗೆ ಅಪಾಯವಾಗದಿರಲಿ ಎಂದು.

ಕರೆಂಟು ನಮ್ಮ ಕಡೆಗೆ ಬಂದದ್ದು

ದಕ್ಷಿಣದಲ್ಲಿ ಕರೆಂಟಿನ ದೊಡ್ಡ ಕಥೆ ಶುರುವಾಗುವುದು ಶಿವನಸಮುದ್ರದಿಂದ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ತಿರುವಾಂಕೂರಿನಲ್ಲಿ ಪಳ್ಳಿವಾಸಲ್ ವಿದ್ಯುತ್ ಕೇಂದ್ರ ಶುರುವಾದದ್ದು 1940ರಲ್ಲಿ. ನಾವು ಇದ್ದದ್ದು ಎರಡೂ ಕಡೆಯಲ್ಲ, ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷ, 1957ರಲ್ಲಿ, ಕೇರಳ ವಿದ್ಯುಚ್ಛಕ್ತಿ ಮಂಡಳಿ ಆಯಿತು. ಮಂಗಳೂರಿನ ಪೇಟೆ ನೋಡಿ ಬೆಳೆದ ನಮ್ಮ ಹಿರಿಯರಿಗೆ ಬಿಲ್ಲು ಮಲಯಾಳದಲ್ಲಿ ಬರತೊಡಗಿತು. ಬ್ಯಾರಿ ಮಾತಾಡಿ, ಕನ್ನಡ ಓದಿದ ನಮ್ಮ ಅಜ್ಜ ಮೀಟರ್ ರೀಡರ್ ಬಳಿ ಅಂಕೆ ಮಾತ್ರ ಕೇಳಿ ತಿಳಿದುಕೊಳ್ಳುತ್ತಿದ್ದರು. ಕೇರಳದ ಎಲ್ಲಾ ಮನೆಗೂ ಕರೆಂಟು ಬಂತು ಎಂದು ಸರ್ಕಾರ ಘೋಷಿಸಿದ್ದು 2017ರ ಮೇ 29ಕ್ಕೆ.

ನಮ್ಮ ಮನೆಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ, ಉಪ್ಪನ ಮದುವೆಗೆ ಸ್ವಲ್ಪ ಮೊದಲು. ಗೋಡೆಯ ಮೇಲೆ ಮರದ ಪಟ್ಟಿ, ಅದರ ಮೇಲೆ ಕ್ಲಿಪ್ಪು ಹೊಡೆದು ಕೂರಿಸಿದ ವಯರು. ಮರದ ದುಂಡು ಬಿಲ್ಲೆಯ ಮೇಲೆ ಕಪ್ಪು ಬೇಕಲೈಟಿನ ದುಂಡು ಸ್ವಿಚ್, ನಡುವೆ ಮೂಗಿನ ಹಾಗೆ ಒಂದು ಗುಂಡಿ. ಬೇಕಲೈಟನ್ನು ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಮಾಡಿದ್ದು. ಕಾದರೂ ಕರಗದ, ಕರೆಂಟು ಹಾಯದ ಆ ವಸ್ತು ಬಂದ ಮೇಲೆ ಸ್ವಿಚ್‌ಗಳು ಅಗ್ಗವಾಗಿ ಸಾಮಾನ್ಯರ ಮನೆಗೂ ಬಂದವು.

ಮೊದಲ ವಯರಿಂಗಿನಲ್ಲಿ ನಾಲ್ಕು ಪಾಯಿಂಟ್: ಚಾವಡಿಗೆ ಒಂದು, ಒಳಕೋಣೆಗೆ ಒಂದು, ಅಡುಗೆಮನೆಗೆ ಒಂದು, ಹೊರಗೆ ಒಂದು. ಬಚ್ಚಲಿಗೆ ಇಲ್ಲ. ಅಲ್ಲಿಗೆ ಇನ್ನೂ ಕೆಲವು ವರ್ಷ ಚಿಮಿಣಿಯೇ, ಆಮೇಲೆ ಟಾರ್ಚ್. ಕೊನೆಗೆ ಬಂದ ಬಲ್ಬು ಸೊನ್ನೆ ವ್ಯಾಟಿನದ್ದು. ಹೆಸರು ಸೊನ್ನೆ, ತಿನ್ನುತ್ತಿದ್ದದ್ದು ಸುಮಾರು 15 ವ್ಯಾಟ್. ಹಳೆಯ ಮೀಟರ್‌ಗೆ ಅಷ್ಟು ಕಡಿಮೆ ಸರಿಯಾಗಿ ತಿಳಿಯುವುದಿಲ್ಲ ಎಂಬ ನಂಬಿಕೆಯಿಂದ ಆ ಹೆಸರು. ಉಪ್ಪನ ಅಂಗಡಿಯಲ್ಲಿ ಚಿಮಿಣಿ ಬತ್ತಿಯ ಡಬ್ಬ ಕೆಳಗಿನ ಸಾಲಿಗೆ ಹೋಗಿ ಸೊನ್ನೆ ಬಲ್ಬಿನ ಪೆಟ್ಟಿಗೆ ಮುಂದೆ ಬಂದದ್ದು ಆಗ.

ಹೊಸ ಮನೆ, ಹೊರಗಿನ ಸ್ವಿಚ್

ತೊಂಬತ್ತರ ದಶಕದಲ್ಲಿ ನಮ್ಮವರ ಊರುಗಳಲ್ಲಿ ಏನಾಯಿತು ಎಂದು ನಿಮಗೆ ಹೇಳಬೇಕಾಗಿಲ್ಲ. ಮನೆಗೊಬ್ಬರು ಗಲ್ಫಿಗೆ ಹೋದರು. ಹಂಚಿನ ಮನೆ ಇಳಿಸಿ ಟೆರೇಸ್ ಮನೆ ಕಟ್ಟಿದರು. ನಮ್ಮ ಚಿಕ್ಕಪ್ಪ ದುಬೈಯಿಂದ ಕಳಿಸಿದ ಹಣಕ್ಕೆ ಉಪ್ಪ ಅಂಗಡಿಯ ಉಳಿತಾಯ ಸೇರಿಸಿ ನಮ್ಮ ಮನೆಯೂ ಎದ್ದಿತು. ಅಂಗಳದ ಮೂಲೆಯ ಕಕ್ಕೂಸು, ಬಾವಿಯ ಹತ್ತಿರದ ಬಚ್ಚಲು ಎರಡೂ ಒಂದಾಗಿ ಮಲಗುವ ಕೋಣೆಯ ಪಕ್ಕಕ್ಕೆ ಬಂದವು. ಅಜ್ಜಿಗೆ ಇದು ದೊಡ್ಡ ಅನುಗ್ರಹ. ಮಳೆಗಾಲದ ರಾತ್ರಿ ಕೊಡೆ ಹಿಡಿದು ಅಂಗಳ ದಾಟುವ ಕಷ್ಟ ತಪ್ಪಿತು.

ಆದರೆ ಗಾಜಿನ ಹಂಚು ಹೋಯಿತು. ಕಾಂಕ್ರೀಟ್ ಮಾಡಿಗೆ ಅದನ್ನು ಕೂರಿಸಲಾಗುವುದಿಲ್ಲ. ಉಳಿದದ್ದು ಎತ್ತರದಲ್ಲಿ ಒಂದು ವೆಂಟಿಲೇಟರ್, ಅದೂ ನೆರೆಮನೆಯ ಗೋಡೆಗೆ ಎದುರು. ಹಗಲು ಹನ್ನೆರಡಕ್ಕೂ ಲೈಟು ಹಾಕದೆ ಒಳಗೆ ಹೋಗಲಾಗದ ಕೋಣೆ ನಮ್ಮ ಮನೆಯಲ್ಲಿ ಮೊದಲ ಸಲ ಆದದ್ದು ಆಗಲೇ. ನೆಲಕ್ಕೆ ಹೊಳೆಯುವ ಟೈಲ್ಸ್ ಬಂತು. ಅದರ ವಿಷಯಕ್ಕೆ ಮತ್ತೆ ಬರುತ್ತೇನೆ.

ವಯರಿಂಗ್ ಗೋಡೆಯ ಒಳಗಿನ ಪೈಪಿಗೆ ಹೋಯಿತು, ಹೊರಗೆ ಬಿಳಿ ಪಿಯಾನೋ ಸ್ವಿಚ್. ಆಗ ಜನ ಸ್ವಿಚ್ ಕೊಡಿ ಎನ್ನುತ್ತಿರಲಿಲ್ಲ, ಆ್ಯಂಕರ್ ಕೊಡಿ ಎನ್ನುತ್ತಿದ್ದರು. 1963ರಲ್ಲಿ ಮುಂಬೈಯಲ್ಲಿ ಶುರುವಾದ ಕಂಪನಿಯ ಹೆಸರು ವಸ್ತುವಿನ ಹೆಸರೇ ಆಗಿಬಿಟ್ಟಿತ್ತು. ಬಾತ್‌ರೂಮಿನ ಸ್ವಿಚ್ಚನ್ನು ವಯರಿಂಗ್ ಮಾಡುವ ಕಾಕ ಬಾಗಿಲಿನ ಹೊರಗೆ ಇಟ್ಟರು. ಇದು ಸರಿಯಾದ ಕೆಲಸ. ಒದ್ದೆ ಕೈಯ ಚರ್ಮ ಒಣಗಿದ ಚರ್ಮದಷ್ಟು ಕರೆಂಟನ್ನು ತಡೆಯುವುದಿಲ್ಲ. ಬಿಸಿನೀರಿನ ಹಬೆ ಸ್ವಿಚ್ಚಿನ ಒಳಗೆ ಹೋಗುತ್ತದೆ. ಇದೇ ಕಾರಣಕ್ಕೆ ಇಂಗ್ಲೆಂಡಿನ ಬಾತ್‌ರೂಮ್‌ಗಳಲ್ಲಿ ಸ್ವಿಚ್ ಮಾಡಿನಲ್ಲಿರುತ್ತದೆ, ಅದರಿಂದ ಇಳಿಬಿಟ್ಟ ಹಗ್ಗವನ್ನು ಎಳೆಯಬೇಕು. ಗಲ್ಫಿನಲ್ಲಿ ನಾನು ಕೆಲಸ ಮಾಡಿದ ಕಟ್ಟಡಗಳಲ್ಲೂ ಸ್ವಿಚ್ ಹೊರಗೇ.

ನಮ್ಮ ಮನೆಯ ಮೂವತ್ತು ವರ್ಷದ ಜಗಳ ಹುಟ್ಟಿದ್ದು ಈ ಸರಿಯಾದ ಕೆಲಸದಿಂದಲೇ. ಸ್ವಿಚ್ ಹೊರಗೆ, ಲೈಟು ಒಳಗೆ, ನಡುವೆ ಗಟ್ಟಿ ಬಾಗಿಲು. ಹೊರಗೆ ಬಂದವನು ಬಾಗಿಲು ಎಳೆದ ಕೂಡಲೇ ಲೈಟು ಕಾಣುವುದಿಲ್ಲ. ಕೈಯಲ್ಲಿ ಒದ್ದೆ ಬಟ್ಟೆ ಇರುತ್ತದೆ, ಅಥವಾ ವುಳೂ ಮಾಡಿ ನಮಾಝಿಗೆ ಅವಸರ ಇರುತ್ತದೆ. ಚಾವಡಿಯ ಲೈಟನ್ನು ಯಾಕೆ ಯಾರೂ ಮರೆಯುವುದಿಲ್ಲ? ಅದು ಕಣ್ಣೆದುರಿಗೇ ಇದೆ.

ಲೋಡ್ ಶೆಡ್ಡಿಂಗ್ ಇನ್ನೊಂದು ಕಾರಣ. ಸಂಜೆ ಅರ್ಧ ಗಂಟೆ ಕರೆಂಟು ಹೋಗುತ್ತಿದ್ದ ವರ್ಷಗಳು ನನ್ನ ಪ್ರಾಯದವರಿಗೆ ನೆನಪಿರಬೇಕು. ಕರೆಂಟು ಇಲ್ಲದಾಗ ಮೊಂಬತ್ತಿ ಹಿಡಿದು ಬಾತ್‌ರೂಮಿಗೆ ಹೋಗುವವನು ಅಭ್ಯಾಸಬಲದಿಂದ ಸ್ವಿಚ್ ಒತ್ತುತ್ತಾನೆ. ಲೈಟು ಬರುವುದಿಲ್ಲ. ಈಗ ಸ್ವಿಚ್ ಆನ್ ಇದೆಯೋ ಆಫ್ ಇದೆಯೋ ಎಂದು ಅವನಿಗೆ ಗೊತ್ತಿಲ್ಲ. ಕರೆಂಟು ಬಂದಾಗ ಮುಚ್ಚಿದ ಬಾಗಿಲಿನ ಹಿಂದೆ ಲೈಟು ಹತ್ತಿ ಬೆಳಗಿನವರೆಗೆ ಉರಿಯುತ್ತದೆ.

ಆಗಿನ ಲೆಕ್ಕದಲ್ಲಿ ಉಪ್ಪನ ಸಿಟ್ಟಿಗೆ ಅರ್ಥವಿತ್ತು. 60 ವ್ಯಾಟಿನ ಹಳೆಯ ಬಲ್ಬು ಒಂದು ರಾತ್ರಿ 10 ಗಂಟೆ ಉರಿದರೆ 0.6 ಯೂನಿಟ್. ತಿಂಗಳಿಡೀ ಹೀಗಾದರೆ 18 ಯೂನಿಟ್. ಮೂರು ಬಾತ್‌ರೂಮ್ ಆದರೆ 54. ನಮ್ಮ ಕೇರಳದ ಬಿಲ್ಲಿನ ಲೆಕ್ಕವೂ ಕಠಿಣ. ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ, ಮೊದಲಿನ ಯೂನಿಟ್‌ಗಳಿಗೆ ಕಡಿಮೆ ದರವೇ ಉಳಿಯುತ್ತದೆ. 250 ದಾಟಿದರೆ ಆ ರಿಯಾಯಿತಿ ಇಲ್ಲ, ಮೊದಲ ಯೂನಿಟ್‌ನಿಂದಲೇ ದೊಡ್ಡ ದರ. ಎರಡು ತಿಂಗಳ ಬಿಲ್ಲಿನಲ್ಲಿ 500ರ ಗೆರೆ. ರಂಝಾನ್ ತಿಂಗಳಲ್ಲಿ ತಂಗಿಯಂದಿರು ಮಕ್ಕಳೊಂದಿಗೆ ಬಂದಾಗ ಆ ಗೆರೆ ದಾಟುವ ಹೆದರಿಕೆ ಉಪ್ಪನಿಗೆ ಯಾವಾಗಲೂ.

ನಾನು ಮಾಡಿದ ಮೂರು ರಿಪೇರಿ

ಮೊದಲು ಮಾಡಿದ್ದು ಸ್ವಿಚ್ಚಿನ ಮೇಲೆ 'ಲೈಟ್ ಆರಿಸಿ' ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದು. ಒಂದು ವಾರ ಎಲ್ಲರೂ ಓದಿದರು. ಆಮೇಲೆ ಅದು ಗೋಡೆಯ ಭಾಗವಾಯಿತು.

ಎರಡನೆಯದು ಪುಟ್ಟ ಕೆಂಪು ಚುಕ್ಕೆ ಇರುವ ಸ್ವಿಚ್. ಒಳಗೆ ಸಣ್ಣ ನಿಯಾನ್ ದೀಪ ಇರುತ್ತದೆ. ಇದರಲ್ಲಿ ಎರಡು ಜಾತಿ ಇದೆ ಎಂಬುದನ್ನು ಕೊಳ್ಳುವಾಗ ನಾನು ನೋಡಲಿಲ್ಲ. ಒಂದು ಜಾತಿಯಲ್ಲಿ ಲೈಟು ಆರಿದ್ದಾಗ ಚುಕ್ಕೆ ಉರಿಯುತ್ತದೆ, ಕತ್ತಲೆಯಲ್ಲಿ ಸ್ವಿಚ್ ಎಲ್ಲಿದೆ ಎಂದು ತೋರಿಸಲು. ಇನ್ನೊಂದರಲ್ಲಿ ಲೈಟು ಹತ್ತಿದ್ದಾಗ ಚುಕ್ಕೆ ಉರಿಯುತ್ತದೆ. ಅದಕ್ಕೆ ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ವಯರೂ ಬೇಕು. ನಾನು ಹಾಕಿದ್ದು ಮೊದಲ ಜಾತಿ. ಉಪ್ಪ ಕೆಂಪು ಚುಕ್ಕೆ ಕಂಡು ಸ್ವಿಚ್ ಒತ್ತಿದರೆ ಒಳಗೆ ಲೈಟು ಹತ್ತುತ್ತಿತ್ತು! ಸಾಲದ್ದಕ್ಕೆ, ಆ ಚುಕ್ಕೆಯ ಮೂಲಕ ಹರಿಯುವ ಚೂರು ಕರೆಂಟಿಗೇ ಎಲ್‌ಇಡಿ ಬಲ್ಬು ಆರಿಸಿದ ಮೇಲೂ ಮಂಕಾಗಿ ಮಿನುಗುತ್ತಿತ್ತು. ರಾತ್ರಿ ಅದನ್ನು ನೋಡಿ ಉಮ್ಮ ಹೆದರಿದರು. "ಮೋನೇ, ನೀನು ಕಲಿತದ್ದು ಇದನ್ನೇನಾ?" ಎಂದು ಕೇಳಿದರು.

ಮೂರನೆಯದು ಸೆನ್ಸರ್. ಶಾರ್ಜಾದ ಆಫೀಸು ಕಟ್ಟಡಗಳ ಟಾಯ್ಲೆಟ್‌ಗಳಲ್ಲಿ ನಾನೇ ನೂರಾರು ಸೆನ್ಸರ್ ನೋಡಿಕೊಂಡಿದ್ದೆ. ಮನುಷ್ಯ ಬಂದರೆ ಲೈಟು ಹತ್ತುತ್ತದೆ, ಹೋದರೆ ಆರುತ್ತದೆ. ಅಜ್ಜಿಯ ಚಿಮಿಣಿಯ ಹಾಗೆ ಬೆಳಕು ಮತ್ತೆ ಮನುಷ್ಯನ ಜೊತೆ ಸೇರಿತು ಎಂದು ನನಗೆ ಖುಷಿ. ಮೂರೂ ಬಾತ್‌ರೂಮಿಗೆ ಹಾಕಿ, ಹೊರಗಿನ ಸ್ವಿಚ್ಚನ್ನು ಮುಚ್ಚಿ, ಜಾಸ್ತಿ ಉಳಿತಾಯವಾಗಲಿ ಎಂದು ಸಮಯವನ್ನು ಒಂದು ನಿಮಿಷಕ್ಕೆ ಇಟ್ಟೆ.

ಈ ಸೆನ್ಸರ್ ಕೆಲಸ ಮಾಡುವ ರೀತಿ ಹೀಗೆ. ನಮ್ಮ ಮೈಯಿಂದ ಹೊರಡುವ, ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಅದು ಹಿಡಿಯುತ್ತದೆ. ಅದರ ಮುಂದಿನ ಬಿಳಿ ಲೆನ್ಸು ಕೋಣೆಯನ್ನು ಪಟ್ಟಿ ಪಟ್ಟಿಯಾಗಿ ಹಂಚುತ್ತದೆ. ಬಿಸಿ ಮೈ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋದಾಗ ಮಾತ್ರ ಅದಕ್ಕೆ ಗೊತ್ತಾಗುವುದು. ಎಂದರೆ, ಅದು ಮನುಷ್ಯನನ್ನು ನೋಡುವುದಿಲ್ಲ, ಚಲನೆಯನ್ನು ನೋಡುತ್ತದೆ. ಅಲ್ಲಾಡದೆ ಕೂತವನು ಅದರ ಲೆಕ್ಕದಲ್ಲಿ ಇಲ್ಲ.

ಆ ರಂಝಾನಿನ ಒಂದು ಬೆಳಗಿನ ಜಾವ, ಅತ್ತಾಳಕ್ಕೆ ಎಲ್ಲರೂ ಏಳುವ ಮೊದಲು, ಉಪ್ಪ ತಹಜ್ಜುದ್‌ಗೆ ಎದ್ದಿದ್ದರು. ಪ್ರಾಯ ಎಪ್ಪತ್ತರ ಹತ್ತಿರ, ಮೊಣಕಾಲು ನೋವು. ಕಮೋಡಿನಲ್ಲಿ ಕೂತಿದ್ದಾಗ ಲೈಟು ಆರಿತು. ಕೂತಲ್ಲಿಂದಲೇ ಕೈ ಬೀಸಿದರೆ ಹತ್ತುತ್ತದೆ ಎಂದು ನಾನು ಮಕ್ಕಳಿಗೆ ಹೇಳಿದ್ದೆ, ಉಪ್ಪನಿಗೆ ಹೇಳಿರಲಿಲ್ಲ. ಅವರು ಕತ್ತಲೆಯಲ್ಲಿ ಎದ್ದು ಗೋಡೆ ತಡವಿದರು. ಟೈಲ್ಸ್ ಒದ್ದೆಯಾಗಿತ್ತು. ಬಿದ್ದ ಶಬ್ದಕ್ಕೆ ನಾನು ಓಡಿ ಹೋಗಿ ಬಾಗಿಲು ತೆಗೆದಾಗ ಒಳಗೆ ಲೈಟು ಉರಿಯುತ್ತಿತ್ತು. ಬೀಳುವ ಚಲನೆಯನ್ನು ಸೆನ್ಸರ್ ಹಿಡಿದಿತ್ತು.

ಬಲಗೈಯ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಇಡೀ ವರ್ಷದಲ್ಲಿ ಹೆಚ್ಚು ವ್ಯಾಪಾರ ಇರುವ ತಿಂಗಳಲ್ಲಿ ಉಪ್ಪ ತಕ್ಕಡಿ ಹಿಡಿಯಲಾಗದೆ ಗಲ್ಲಾದ ಹಿಂದೆ ಸುಮ್ಮನೆ ಕೂತರು. ನನ್ನನ್ನು ಬೈಯಲಿಲ್ಲ. ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಒಂದೇ ಮಾತು ಹೇಳಿದರು: "ಕತ್ತಲೆಯಾದಾಗ ನಾನು ಸ್ವಿಚ್ ಹುಡುಕಿದೆ, ಮೋನೇ. ಒಳಗೆ ಸ್ವಿಚ್ಚೇ ಇಲ್ಲ ಎಂಬುದು ನೆನಪಾಗಲಿಲ್ಲ."

ಲೆಕ್ಕ ಮೊದಲೇ ಮಾಡಬೇಕಿತ್ತು

ಆ ರಾತ್ರಿ ನಾನು ಬಿಲ್ಲಿನ ಹಿಂದೆ ಲೆಕ್ಕ ಬರೆದೆ. ಮಾಡಬೇಕಾಗಿದ್ದದ್ದು ಸೆನ್ಸರ್ ತರುವ ಮೊದಲು.

ನಮ್ಮ ಬಾತ್‌ರೂಮಿನಲ್ಲಿ ಈಗ ಇರುವುದು 60 ವ್ಯಾಟಿನ ಬಲ್ಬಲ್ಲ, 9 ವ್ಯಾಟಿನ ಎಲ್‌ಇಡಿ. ನೀಲಿ ಎಲ್‌ಇಡಿ ಮಾಡಿದ ಮೂವರು ಜಪಾನಿ ಮೂಲದ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು. ಬಿಳಿ ಎಲ್‌ಇಡಿ ಬಲ್ಬು ಸಾಧ್ಯವಾದದ್ದು ಆ ನೀಲಿಯಿಂದಲೇ. ಮರುವರ್ಷ ಕೇಂದ್ರದ ಉಜಾಲಾ ಯೋಜನೆ ಬಂತು, ಆಮೇಲೆ ಕೇರಳದ ಫಿಲಮೆಂಟ್ ಫ್ರೀ ಯೋಜನೆ. ಉಪ್ಪನ ಅಂಗಡಿಯಲ್ಲೂ ಹಳೆಯ ಬಲ್ಬು ಕೇಳುವವರು ಇಲ್ಲವಾದರು. 9 ವ್ಯಾಟಿನ ಬಲ್ಬು ಪ್ರತಿ ರಾತ್ರಿ 10 ಗಂಟೆ ವ್ಯರ್ಥವಾಗಿ ಉರಿದರೂ ತಿಂಗಳಿಗೆ 2.7 ಯೂನಿಟ್, ವರ್ಷಕ್ಕೆ 33ರ ಒಳಗೆ. 2000 ವ್ಯಾಟಿನ ಗೀಸರ್ ಒಂದೇ ಒಂದು ಗಂಟೆ ನೀರು ಕಾಯಿಸಿದರೆ 2 ಯೂನಿಟ್. ಆ ಎರಡು ಯೂನಿಟ್‌ನಲ್ಲಿ ಬಾತ್‌ರೂಮಿನ ಲೈಟು ಒಂಬತ್ತು ದಿನ ಹಗಲು ರಾತ್ರಿ ಉರಿಯುತ್ತದೆ. ನಮ್ಮ ಮನೆಯಲ್ಲಿ ಗೀಸರ್ ಬಗ್ಗೆ ಯಾರೂ ಯಾರನ್ನೂ ಬೈದದ್ದಿಲ್ಲ, ಯಾಕೆಂದರೆ ಅದರ ಖರ್ಚು ಬಾಗಿಲ ಸಂದಿನಲ್ಲಿ ಕಾಣುವುದಿಲ್ಲ. 60 ವ್ಯಾಟಿನ ಕಾಲದ ಸಿಟ್ಟನ್ನು ನಾವು 9 ವ್ಯಾಟಿನ ಕಾಲಕ್ಕೂ ತಂದಿದ್ದೆವು. ಉಪ್ಪ ಅಂಗಡಿಯವರು, ಅವರಿಗೆ ಗೊತ್ತಿರಲಿಲ್ಲ. ನಾನು ಡಿಪ್ಲೊಮಾದವನು, ನನಗೆ ಗೊತ್ತಿರಬೇಕಿತ್ತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾತ್‌ರೂಮಿನ ಲೈಟಿಗೆ ಸೆನ್ಸರ್ ಬೇಕೆಂದು ಕಟ್ಟಡ ನಿಯಮವೇ ಇದೆ. ಅಲ್ಲಿ ಕೊಡುವ ಗರಿಷ್ಠ ಸಮಯ 20 ನಿಮಿಷ. ನಾನು ಇಟ್ಟದ್ದು ಒಂದು ನಿಮಿಷ. ತಪ್ಪು ಸೆನ್ಸರಿನದ್ದಲ್ಲ. ಹೋಮ್ಸ್ ಸ್ವಿಚ್ ಮಾಡುವಾಗ ಮೊದಲು ಕೇಳಿದ ಪ್ರಶ್ನೆಯನ್ನು, ಇದರಿಂದ ಮನೆಯವರಿಗೆ ಏನು ಅಪಾಯ ಎಂಬುದನ್ನು, ನಾನು ಕೇಳಲೇ ಇಲ್ಲ.

ಮತ್ತೆ ಬದಲಾಯಿಸಿದೆವು, ಈ ಸಲ ಎಲ್ಲರೂ ಕೂತು ಮಾತಾಡಿ. ವಯರಿಂಗ್ ಕಾಕನನ್ನು ಕರೆದು, ಮೇನ್ ಆಫ್ ಮಾಡಿ, ಸ್ವಿಚ್ ಫೇಸ್ ವಯರಿನಲ್ಲೇ ಇದೆಯೇ ಎಂದು ಮೊದಲು ನೋಡಿಸಿದೆ. ಒಂದು ಕಡೆ ನ್ಯೂಟ್ರಲ್‌ನಲ್ಲಿತ್ತು, ಇಷ್ಟು ವರ್ಷ ಆರಿಸಿದ ಮೇಲೂ ಹೋಲ್ಡರಿನಲ್ಲಿ ಕರೆಂಟು ಇರುತ್ತಿತ್ತು! ಅದನ್ನು ಸರಿ ಮಾಡಿದರು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆಯೇ ಎಂದೂ ನೋಡಿದೆವು. ಹೊರಗೆ ಮತ್ತೆ ಕೈಯಿಂದ ಒತ್ತುವ ಸ್ವಿಚ್, ಲೈಟು ಹತ್ತಿದಾಗ ಚುಕ್ಕೆ ಉರಿಯುವ ಜಾತಿಯದು. ಒಳಗೆ ಅರ್ಧ ವ್ಯಾಟಿನ ರಾತ್ರಿ ದೀಪ, ಅದು ವರ್ಷವಿಡೀ ಆರದೆ ಉರಿದರೂ 4.4 ಯೂನಿಟ್. ಕಮೋಡಿನ ಪಕ್ಕ ಹಿಡಿದುಕೊಳ್ಳಲು ಸ್ಟೀಲ್ ಕಂಬಿ, ನೆಲಕ್ಕೆ ಜಾರದ ಮ್ಯಾಟ್. ಆಚಾರಿಯನ್ನು ಕರೆಸಿ ಬಾಗಿಲಿನ ತೀರಾ ಮೇಲೆ ಅಂಗೈ ಅಗಲದ ಮಸುಕು ಗಾಜು ಕೂರಿಸಿದೆವು. ಒಳಗೆ ಲೈಟಿದ್ದರೆ ಈಗ ಹೊರಗೆ ಕಾಣುತ್ತದೆ. ಹಳೆಯ ಗಾಜಿನ ಹಂಚು ನೆನಪಾಗಿಯೇ ಇದನ್ನು ಮಾಡಿಸಿದ್ದು. ತೆಗೆದ ಸೆನ್ಸರ್‌ಗಳಲ್ಲಿ ಒಂದು ಮಹಡಿಯ ಮೆಟ್ಟಿಲಿಗೆ ಹೋಯಿತು. ಅಲ್ಲಿ ಯಾರೂ ಅಲ್ಲಾಡದೆ ಕೂರುವುದಿಲ್ಲ. ಆದರೂ ಸಮಯ ಐದು ನಿಮಿಷಕ್ಕೆ ಇಟ್ಟಿದ್ದೇನೆ.

ನಿಮ್ಮ ಮನೆಯಲ್ಲೂ ಇದೇ ಬೈಗುಳ ಇದ್ದರೆ, ಸ್ವಿಚ್ ಬದಲಾಯಿಸುವ ಮೊದಲು ರಾತ್ರಿ ಆ ಬಾತ್‌ರೂಮಿಗೆ ಹೋಗುವವರಲ್ಲಿ ಎಲ್ಲರಿಗಿಂತ ಹಿರಿಯರು ಯಾರು ಎಂದು ನೋಡಿ. ಅವರನ್ನು ಕೇಳಿ. ನಿಮ್ಮ ಬಲ್ಬು ಎಷ್ಟು ವ್ಯಾಟಿನದ್ದು ಎಂದೂ ಒಮ್ಮೆ ನೋಡಿ. ಆಮೇಲೆ ಮನೆಯ ಹೆಂಗಸರನ್ನೂ ಮಕ್ಕಳನ್ನೂ ಬೈಯಬೇಕೋ ಬೇಡವೋ ಎಂದು ತೀರ್ಮಾನಿಸಿ.

ಉಪ್ಪನ ಕೈ ಈಗ ಸರಿಯಾಗಿದೆ, ಮಳೆಗಾಲದಲ್ಲಿ ಸ್ವಲ್ಪ ನೋವು. ಮೊನ್ನೆ ಸುಬ್‌ಹಿಗೆ ಹೊರಡುವ ಅವಸರದಲ್ಲಿ ಅವರೇ ಲೈಟು ಆರಿಸಲು ಮರೆತರು. ಕೆಂಪು ಚುಕ್ಕೆ ನೋಡಿದ್ದು ಎರಡನೇ ಕ್ಲಾಸಿನ ನನ್ನ ಮಗಳು. ಅವಳು ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲ ಎಂದು ನೋಡಿ, ಸ್ವಿಚ್ ಆರಿಸಿದಳು. ಉಪ್ಪ ಪಳ್ಳಿಯಿಂದ ಬರುವುದನ್ನೇ ಕಾದು ಕೂತು ಕೇಳಿದಳು: "ಅಜ್ಜಾ, ಇವತ್ತು ಇಲ್ಲಿ ಯಾರ ಮದುವೆ?"